ಪ್ರಾಸ ಕೂಡದ ಸಾಲು

ಜನವರಿ 9, ಸೋಮವಾರ

ಹೆಂಡತಿಯ ಪುಸ್ತಕ ನಮ್ಮ ಪ್ರೆಸ್ಸಿಗೇ ಬಂತು. ಕಾಲೇಜಿನವರು ಮೂರು ಕಡೆ ವಿಚಾರಿಸಿ ಕಡೆಗೆ ನಮ್ಮ ಯಜಮಾನರಿಗೇ ಒಪ್ಪಿಸಿದ್ದಾರೆ. ಅವರು ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟು, “ತಗೊಳ್ಳಿ ಸಾರ್, ಇನ್ನು ಮನೇಲೂ ಅದೇ, ಇಲ್ಲೂ ಅದೇ” ಎಂದರು.

ಇಪ್ಪತ್ತು ವರ್ಷದಿಂದ ಇಲ್ಲಿ ಪ್ರೂಫ್ ನೋಡುತ್ತಿದ್ದೇನೆ. ನನ್ನ ಕಣ್ಣು ತಪ್ಪಿಸಿ ಬಾಗಿಲು ದಾಟಿದ ತಪ್ಪು ಇಲ್ಲ ಎಂದು ಯಜಮಾನರೇ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುವುದುಂಟು. ಹಾಗೆಂದು ನನಗೇನೂ ಕೊಂಬಿಲ್ಲ. ಬಿಟ್ಟುಹೋದ ಕಡೆ ಕೊಂಬು ಹಾಕುವುದಷ್ಟೇ ನನ್ನ ಕೆಲಸ. ಮದುವೆಗೆ ಮುಂಚೆ ಅವಳು ಬರೆದ ಮೊದಲ ಪತ್ರದಲ್ಲಿ ‘ಪ್ರೀತಿ’ಯ ದೀರ್ಘ ಬಿಟ್ಟುಹೋಗಿತ್ತು. ಗುರುತು ಹಾಕಿ ವಾಪಸ್ ಕಳಿಸಿದ್ದೆ. ಆದರೂ ಮದುವೆಯಾದಳು.

ಅವಳ ವಿಷಯ ಪುನರುಜ್ಜೀವನ ಕಾಲದ ಇಂಗ್ಲಿಷ್ ಕಾವ್ಯ, ಆ ಕಾಲದ ಅಚ್ಚು ಪುಸ್ತಕಗಳ ಚರಿತ್ರೆ. ನಾನೂರು ವರ್ಷದ ಹಿಂದಿನವರೆಲ್ಲ ಅವಳ ಕೈಯಲ್ಲಿ ಎದ್ದು ಕೂತಿದ್ದಾರೆ; ಅವಳ ನೌಕರಿ ಮಾತ್ರ ಏಳಲಿಲ್ಲ. ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ತಿಥಿ ಹೇಳದೆ ಬರುವವನು. ಬಂದವನು ಹದಿನೆಂಟು ವರ್ಷ ಕೂತುಬಿಟ್ಟರೆ ಏನೆನ್ನಬೇಕೆಂದು ಯಾವ ನಿಘಂಟೂ ಹೇಳುವುದಿಲ್ಲ. ಈಗ ಒಂದು ಖಾಯಂ ಹುದ್ದೆ ಕರೆದಿದ್ದಾರೆ. ಫೆಬ್ರವರಿ ಆರಕ್ಕೆ ಸಂದರ್ಶನ. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯದು. ಅಷ್ಟರೊಳಗೆ ಪುಸ್ತಕ ಕೈಯಲ್ಲಿರಬೇಕು.

ಹೆಂಡತಿಗೆ ಹಳೆ ಹೊತ್ತಗೆಯ ಧ್ಯಾನ,
ಗಂಡನಿಗೆ ಒತ್ತು ಕೊಂಬಿನ ಜ್ಞಾನ.

ಪರವಾಗಿಲ್ಲ. ತಲೆಯಲ್ಲೂ ಪ್ರಾಸ, ಬಾಲದಲ್ಲೂ ಪ್ರಾಸ.

ಜನವರಿ 14, ಶನಿವಾರ

ಕಾಲೇಜಿಗೆ ಮುಖಪುಟದ ಮಾದರಿ ತೋರಿಸಲು ಹೋಗಿದ್ದೆ. ವಿಭಾಗದ ಮುಖ್ಯಸ್ಥರು ತಮ್ಮ ಜೊತೆಯವರಿಗೆ ನನ್ನ ಪರಿಚಯ ಮಾಡಿಕೊಟ್ಟರು: “ಇವರು ಮೇಡಂ ಅವರ ಮನೆಯವರು. ಪ್ರೆಸ್ಸಲ್ಲಿ ಏನೋ ಮಾಡ್ತಾರೆ.”

‘ಏನೋ’ ಎಂಬ ಪದಕ್ಕೆ ಎಷ್ಟು ತೂಕ! “ಹೌದು ಸಾರ್, ನೀವು ಮಾಡಿದ ತಪ್ಪನ್ನ ಏನೋ ಮಾಡ್ತೀನಿ” ಎಂದೆ. ಆಮಂತ್ರಣವೊಂದರಲ್ಲಿ ಅವರೇ ‘ಅಧ್ಯಕ್ಷತೆ’ಯ ಒಂದು ಒತ್ತು ನುಂಗಿದ್ದು ನನಗೆ ನೆನಪಿತ್ತು. ಅವರು ನಕ್ಕರು. ಹೆಂಡತಿ ನಗಲಿಲ್ಲ.

ಬಸ್ಸಿನಲ್ಲಿ ಕೇಳಿದಳು, “ಎಲ್ಲಾರನ್ನೂ ಎಲ್ಲಾ ಕಡೆ ತಿದ್ದಲೇಬೇಕಾ ರೀ?”

“ತಪ್ಪನ್ನ ಹಾಗೇ ಬಿಡೋಕೆ ನಾನೇನು ಸಂಶೋಧಕನಾ?”

ಅದು ತಮಾಷೆ. ಆದರೆ ಅವಳ ಪುಸ್ತಕದ ತಿರುಳೂ ಅದೇ. ಒಂದು ಪುಟ್ಟ ಕವನ ಸಂಕಲನ. ಕವಿಯ ಹೆಸರಿಲ್ಲ, ಹಸ್ತಪ್ರತಿಯಿಲ್ಲ, ಉಳಿದಿರುವುದು ಒಂದೇ ಒಂದು ಅಚ್ಚಾದ ಪ್ರತಿ. ಅದರ ಅಚ್ಚುಮೊಳೆ ಜೋಡಿಸಿದವರು ಇಬ್ಬರು ಎನ್ನುತ್ತಾಳೆ. ಒಬ್ಬ ಪ್ರೆಸ್ಸಿನ ಯಜಮಾನ. ನಡುವೆ ಆತ ಸತ್ತ. ಆಮೇಲಿನ ಪುಟಗಳಲ್ಲಿ ‘ಡೂ’, ‘ಗೋ’ ಮುಂತಾದ ಪುಟ್ಟ ಪದಗಳ ಬಾಲಕ್ಕೆ ಬೇಡದ ಒಂದು ಇಂಗ್ಲಿಷ್ ‘ಇ’ ಅಕ್ಷರ ಅಂಟಿಕೊಳ್ಳುತ್ತದೆ. ಅದು ಅವನ ಹೆಂಡತಿಯ ಕೈ. ಆ ಹೆಂಗಸಿನ ಬಗ್ಗೆ ಲೋಕದಲ್ಲಿ ಇನ್ನೊಂದು ಅಕ್ಷರ ಇಲ್ಲವಂತೆ. ತಪ್ಪುಗಳಿಂದಲೇ ಆಕೆ ಇದ್ದಳೆಂದು ತಿಳಿಯಬೇಕು.

ಊಟದ ಹೊತ್ತಿಗೆ ಇದನ್ನು ಅತ್ತೆಗೂ ವಿವರಿಸಿದಳು. ಅತ್ತೆ ನಮ್ಮ ಜೊತೆಗೇ ಇರುವವರು, ಯಾರ ಮಾತನ್ನೂ ಪೂರ್ತಿ ಕೇಳದೆ ಪೂರ್ತಿ ಉತ್ತರ ಕೊಡುವವರು. “ಹಳೇ ತಪ್ಪು ಹುಡುಕೋಕೆ ನಿನಗೆ ಸಂಬಳ, ಹೊಸ ತಪ್ಪು ಹುಡುಕೋಕೆ ಅಳಿಯಂದ್ರಿಗೆ ಸಂಬಳ. ನಾನು ಎಪ್ಪತ್ತು ವರ್ಷ ಎಲ್ಲಾರ ತಪ್ಪೂ ಬಿಟ್ಟಿಯಾಗಿ ಹುಡುಕಿದೀನಲ್ಲೇ!”

ಜನವರಿ 22, ಭಾನುವಾರ

ಪೀಠಿಕೆ, ಅಧ್ಯಾಯಗಳು, ಸೂಚಿ ಎಲ್ಲದರ ಪ್ರೂಫನ್ನೂ ಮನೆಯಲ್ಲೇ ಇಬ್ಬರೂ ನೋಡಿ ಮುಗಿಸಿದೆವು. ಕೊನೆಯ ಅಧ್ಯಾಯ ಮತ್ತು ಪುಸ್ತಕದ ಹಿಂಭಾಗದಲ್ಲಿ ಇಂಗ್ಲಿಷಿನಲ್ಲೇ ಸೇರಿಸಿದ ಆ ಮೂಲ ಕವನಗಳ ಭಾಗ ಮಾತ್ರ ಅವಳೇ ಇಟ್ಟುಕೊಂಡಳು.

“ಕವನದ ಪುಟ ಬೇಡ ರೀ. ಅದು ನಿಮಗಲ್ಲ.”

“ನನಗಲ್ಲ ಅಂದ್ರೆ? ಇಂಗ್ಲಿಷ್ ಅಕ್ಷರ ಇಪ್ಪತ್ತಾರೇ ಅಲ್ವಾ? ನಮ್ಮದರಲ್ಲಿ ಅರ್ಧ.”

“ಅಯ್ಯೋ, ಹಾಗಲ್ಲ. ಅದನ್ನ ಹಾಗೇ ಬಿಡಬೇಕು ಅಷ್ಟೆ. ನಾನು ಮೂರು ಸಲ ನೋಡಿದೀನಿ.”

ಕನ್ನಡ ಮಾಧ್ಯಮದವನು ಎಂದು ಹೇಳಿದ ಹಾಗಾಯಿತು. ಅವಳೂ ಅದೇ ಶಾಲೆ, ಅದೇ ಬೆಂಚು. ಆದರೆ ಅವಳು ದಾಟಿದಳು, ನಾನು ದಡದಲ್ಲಿ ಕೂತು ದೋಣಿಯ ಕಾಗುಣಿತ ನೋಡುತ್ತಿದ್ದೇನೆ.

ಕೃತಜ್ಞತೆಯ ಪುಟದ ಪ್ರೂಫ್ ಮಾತ್ರ ನನಗೇ ಕೊಟ್ಟಳು. ಗ್ರಂಥಾಲಯದವರಿಗೆ ಎರಡು ಸಾಲು. ಮುಖ್ಯಸ್ಥರಿಗೆ ಮೂರು ಸಾಲು, ‘ಏನೋ’ ಅಂದವರಿಗೆ! ಕಟ್ಟಕಡೆಗೆ ‘ಮತ್ತು ಮನೆಯವರಿಗೆ’. ಅತ್ತೆ, ನಾನು, ಗೋಡೆ, ಗಡಿಯಾರ ಎಲ್ಲ ಸೇರಿ ಒಂದೇ ಪದ. ಒಂದಕ್ಷರವೂ ತಪ್ಪಿರಲಿಲ್ಲ. ಸರಿ ಎಂದು ಗುರುತು ಹಾಕಿಕೊಟ್ಟೆ.

ಜನವರಿ 25, ಬುಧವಾರ

ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದೆ. ಅವಳಿಗೆ ಹೇಳುವುದಿಲ್ಲ. ಹೇಳಿದರೆ ಉಪಕಾರದ ರುಚಿ ಹೋಗುತ್ತದೆ.

ಅಚ್ಚಿಗೆ ಹೋಗುವ ಮುನ್ನ ಕೊನೆಯ ಸಲ ಕಣ್ಣಾಡಿಸೋಣ ಎಂದು ಡಿಟಿಪಿ ಮಾಡುವ ಟಕಟಕ ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಅವರ ನಿಜವಾದ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ; ಬೆರಳಿನ ಸದ್ದೇ ಹೆಸರು. ಪರದೆಯ ಮೇಲೆ ಕವನಗಳು ಬಂದವು. ಏನು ಹೇಳಲಿ! ಹೊಲ ತುಂಬ ಕಳೆ. ಆ ಬಾಲದ ‘ಇ’ ಎಲ್ಲೆಂದರಲ್ಲಿ. ಅಧ್ಯಾಯಗಳಲ್ಲಿ ಅವಳು ತಪ್ಪುಗಳ ಬಗ್ಗೆ ಬರೆದುಕೊಂಡಿದ್ದಾಳೆ, ಸರಿ. ಆದರೆ ಓದುವವರ ಮುಂದೆ ಕವನವನ್ನಾದರೂ ಸ್ವಚ್ಛವಾಗಿ ಬಡಿಸಬೇಡವೇ? ನಾಳೆ ಸಂದರ್ಶನದ ಕಮಿಟಿಯವರು ಪುಟ ತೆರೆದು, “ಗಂಡ ಪ್ರೂಫ್ ರೀಡರ್ ಅಂತೆ, ನೋಡಿ ಅವಸ್ಥೆ” ಎನ್ನಬಾರದು.

“ಮೇಡಂ ಹೀಗೇ ಇರ್ಲಿ ಅಂದಿದ್ರಲ್ಲ ಸಾರ್?” ಎಂದರು ಅಕ್ಕ.

“ಮೇಡಂಗೆ ನಾನು ಹೇಳ್ತೀನಿ. ನೀವು ಅಳಿಸಿ.”

ಟಕ್, ಟಕ್, ಟಕ್. ಒಂದು ಕಡೆ ಮಾತ್ರ ಬಿಟ್ಟೆ. ಅಲ್ಲಿ ‘ಗೋ’ ಸಾಲಿನ ಕೊನೆಯಲ್ಲಿತ್ತು, ಮೇಲಿನ ಸಾಲಿನ ಕೊನೆಗೆ ‘ವೋ’. ಎರಡಕ್ಕೂ ‘ಇ’ ಬಾಲ ಇದ್ದು ಜೋಡೆತ್ತಿನ ಹಾಗೆ ಕಾಣುತ್ತಿದ್ದವು. ಪ್ರಾಸಕ್ಕೆ ಒಂದು ಗೌರವ ಬೇಕು.

ಕೊನೆಯ ಕವನಕ್ಕೆ ಬಂದಾಗ ಹಲ್ಲಿಗೆ ಕಲ್ಲು ಸಿಕ್ಕಿತು. ಎಲ್ಲ ಜೋಡಿಯೂ ಪ್ರಾಸದಲ್ಲಿದೆ, ಕಟ್ಟಕಡೆಯದು ಮಾತ್ರ ಕುಂಟು. ಮೇಲಿನ ಸಾಲು ‘ಡೇ’ ಎಂದು ಮುಗಿದರೆ ಕೆಳಗಿನದು, ವಿಧವೆಯ ಕಣ್ಣೀರು ‘ಡ್ರೈ’ ಆಗುವುದಿಲ್ಲ ಎನ್ನುತ್ತದೆ. ಡೇ, ಡ್ರೈ! ನಾನೂರು ವರ್ಷ ಒಬ್ಬನಿಗೂ ಕಾಣಲಿಲ್ಲವೇ? ಎರಡು ನಿಮಿಷ ಕಣ್ಣು ಮುಚ್ಚಿದೆ. ‘ಸ್ಟೇ’! ಕಣ್ಣೀರು ಆರುವುದಿಲ್ಲ ಎಂದರೂ ಒಂದೇ, ಕಣ್ಣೀರು ನಿಲ್ಲುವುದಿಲ್ಲ ಎಂದರೂ ಒಂದೇ. ಅರ್ಥವೂ ಉಳಿಯಿತು, ಪ್ರಾಸವೂ ಕೂತಿತು. ಡೇ, ಸ್ಟೇ. ಇಂಗ್ಲಿಷ್ ಕಾವ್ಯದಲ್ಲಿ ನನ್ನದೂ ಒಂದು ಪದ.

ಕುಂಟುವ ಸಾಲಿಗೆ ಕೊಟ್ಟೆನು ಕೋಲು,
ನಂಟಿಗೆ ಇದು ನಾ ಸಲ್ಲಿಸಿದ ಪಾಲು.

ಫೆಬ್ರವರಿ 3, ಶುಕ್ರವಾರ

ಪುಸ್ತಕ ಬಂತು. ಅವಳು ಮೊದಲು ಮೂಸಿದಳು. ಆಮೇಲೆ ಮುಖಪುಟ ಸವರಿದಳು. ಹಿಂದಿನ ಭಾಗ ತೆರೆಯಲಿಲ್ಲ. ಅದು ಬಾಯಿಪಾಠ ಅಂತೆ. ಕಮಿಟಿಯವರ ಪ್ರತಿಗಳನ್ನು ಆಗಲೇ ಕಳಿಸಿಯಾಯಿತು. ಅತ್ತೆ ಪುಸ್ತಕ ಕೈಯಲ್ಲಿ ತೂಗಿ, “ಇಷ್ಟು ವರ್ಷಕ್ಕೆ ಇಷ್ಟೇ ದಪ್ಪಾನಾ?” ಎಂದರು. ಮೂವರೂ ನಕ್ಕೆವು. ಇವಳು ಹೀಗೆ ನಕ್ಕು ಬಹಳ ಕಾಲವಾಗಿತ್ತು.

ಫೆಬ್ರವರಿ 6, ಸೋಮವಾರ

ಸಂದರ್ಶನ. ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಒಳಗಿನಿಂದ ಒಂದು ಸಲ ನಗು ಕೇಳಿಸಿತು. ಚೆನ್ನಾಗಿ ಆಗುತ್ತಿದೆ ಎಂದುಕೊಂಡೆ.

ಹೊರಗೆ ಬಂದವಳು ನಿಲ್ಲದೆ ನಡೆದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದಳು. ನನಗೆ ಹೇಳಿದಳೋ, ಗಾಜಿಗೆ ಹೇಳಿದಳೋ.

ಹೊರಗಿನಿಂದ ಬಂದ ತಜ್ಞರು ವಯಸ್ಸಾದವರು, ಸಭ್ಯಸ್ಥರು. ಪುಸ್ತಕವನ್ನು ಪೂರ್ತಿ ಓದಿಕೊಂಡು ಬಂದಿದ್ದರು. “ನಿಮ್ಮ ಕೊನೇ ಅಧ್ಯಾಯ ಓದಿ ಕಣ್ಣು ಒದ್ದೆಯಾಯ್ತಮ್ಮ” ಎಂದರಂತೆ. ನನಗೆ ಕೊಡದ ಆ ಅಧ್ಯಾಯದಲ್ಲಿ ಇರುವುದು ಒಂದೇ ಒಂದು ಪದದ ಕಥೆ. ವಿಧವೆಯ ದುಃಖ ಬಲು ಬೇಗ ಮುಗಿಯುತ್ತದೆ ಎಂದು ಕವಿ ಲೇವಡಿ ಮಾಡಿ ಬರೆದಿರಬೇಕು. ಆ ಸಾಲಿಗೆ ಮೊಳೆ ಜೋಡಿಸುತ್ತಿದ್ದವಳು ಸ್ವತಃ ವಿಧವೆ. ಕವಿ ಬರೆದ ಪದವನ್ನು ಕೈಗೆತ್ತಿಕೊಳ್ಳಲು ಅವಳಿಂದ ಆಗಲಿಲ್ಲ. ಪ್ರಾಸ ಕೆಟ್ಟರೆ ಕೆಡಲಿ ಎಂದು ‘ಡ್ರೈ’ ಎಂಬ ಪದ ಇಟ್ಟಳು. ಆರುವುದಿಲ್ಲ. ಇಡೀ ಪುಸ್ತಕದಲ್ಲಿ ಆಕೆ ತಾನಾಗಿ ಆಡಿದ ಮಾತು ಅದೊಂದೇ.

“ಆ ಸಾಲು ನೋಡೋಣ ಅಂತ ಹಿಂದೆ ತಿರುವಿದೆ. ಎಲ್ಲಮ್ಮ ಅದು?” ಎಂದು ಪುಟ ತೆರೆದು ಮುಂದಿಟ್ಟರಂತೆ. ಡೇ, ಸ್ಟೇ. ವಿಧವೆಯ ಕಣ್ಣೀರು ಉಳಿಯುವುದಿಲ್ಲ. ಬಾಲದ ‘ಇ’ಗಳೂ ಇಲ್ಲ. ಮೂಲದ ಫೋಟೋ ಹಾಕಲು, ಆ ಒಂದೇ ಪ್ರತಿ ಇಟ್ಟುಕೊಂಡಿರುವ ಗ್ರಂಥಾಲಯದವರು ಒಪ್ಪಿಗೆ ಕೊಟ್ಟಿರಲಿಲ್ಲ. ತೋರಿಸಲು ಕೈಯಲ್ಲಿ ಬೇರೇನೂ ಇರಲಿಲ್ಲ.

“ಅಚ್ಚಿನ ತಪ್ಪು ಸಾರ್” ಎಂದಳಂತೆ.

“ಅಚ್ಚಿನ ತಪ್ಪನ್ನೇ ನಂಬಿ ಅಂತ ಇನ್ನೂರು ಪುಟ ಬರೆದವರು, ಈಗ ಅಚ್ಚಿನ ತಪ್ಪನ್ನ ನಂಬಬೇಡಿ ಅಂತೀರಲ್ಲಮ್ಮ!”

ನನಗೆ ಹೊರಗೆ ಕೇಳಿಸಿದ ನಗು ಅದೇ.

ಸ್ಟೇ ಎಂದರೆ ನಿಲ್ಲು. ಕಣ್ಣೀರು ನಿಲ್ಲುವುದಿಲ್ಲ. ನಾನು ಓದಿದ್ದು ಹಾಗೆ. ಅವರ ಭಾಷೆಯಲ್ಲಿ ನಿಲ್ಲದ್ದು ಎಂದರೆ ಹೊರಟುಹೋಗುವಂಥದ್ದು. ನಿಂತರೂ ನಿಲ್ಲುವುದೇ, ಉಳಿದರೂ ನಿಲ್ಲುವುದೇ ಆದ ಭಾಷೆಯಲ್ಲಿ ಹುಟ್ಟಿದವನು ನಾನು.

ಫೆಬ್ರವರಿ 7, ಮಂಗಳವಾರ

ಕುಂಬಾರನಿಗೆ ವರುಷ. ಮಿಕ್ಕದ್ದು ಬರೆಯುವುದು ಬೇಡ.

ಫೆಬ್ರವರಿ 8, ಬುಧವಾರ

ಅವಳು ಯಜಮಾನರಿಗೆ ಫೋನ್ ಮಾಡಿದ್ದಳಂತೆ. ಯಜಮಾನರು ನನ್ನನ್ನೂ ಟಕಟಕ ಅಕ್ಕನನ್ನೂ ಕೋಣೆಗೆ ಕರೆದರು.

“ಸಾರ್ ಹೇಳಿದ್ರು, ಅಳಿಸಿದೆ” ಎಂದರು ಅಕ್ಕ. ಸರಳ ವಾಕ್ಯ.

ಯಜಮಾನರು ನನ್ನ ಕಡೆ ತಿರುಗಿದರು. “ಏನ್ ಸಾರ್?”

“ನಾನು ಹಾಗೆ ಹೇಳಿದ್ದು ನೆನಪಿಲ್ಲ” ಎಂದೆ.

ನೆನಪಿಲ್ಲ ಎನ್ನುವುದು ಪೂರ್ತಿ ಸುಳ್ಳಲ್ಲ. ವ್ಯಾಕರಣದ ಪ್ರಕಾರ ಅದು ಬರೀ ನಿಷೇಧ. ಯಜಮಾನರಿಗೆ ನನ್ನ ಕಣ್ಣಿನ ಮೇಲೆ ಇಪ್ಪತ್ತು ವರ್ಷದ ನಂಬಿಕೆ. ಅಕ್ಕನನ್ನು ಪುಸ್ತಕದ ಕೆಲಸದಿಂದ ತೆಗೆದು ಅಂಗಡಿಗಳ ಬಿಲ್ ಬುಕ್ ಕೆಲಸಕ್ಕೆ ಹಾಕಿದರು. ಅಕ್ಕ ತಮ್ಮ ಕುರ್ಚಿಯ ದಿಂಬು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದರು.

ಮನೆಯಲ್ಲಿ ಹೇಳಿದೆ: “ಆಪರೇಟರ್ ಕೈತಪ್ಪು ಅಂತೆ. ಕಂಪ್ಯೂಟರೇ ತಿದ್ದಿರಬಹುದು ಅಂತಾರೆ.”

“ಹೂಂ” ಎಂದಳು.

ಫೆಬ್ರವರಿ 16, ಗುರುವಾರ

ಹುದ್ದೆ ಬೇರೆಯವರಿಗೆ ಆಯಿತು. ಅವಳು ಎಂದಿನಂತೆ ಕಾಲೇಜಿಗೆ ಹೋಗಿ ಪಾಠ ಮಾಡಿ ಬಂದಳು. ಅತಿಥಿ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ನಮ್ಮದು ಜಗಳವಲ್ಲವಲ್ಲ. ಉಣ್ಣುತ್ತೇವೆ, ಮಲಗುತ್ತೇವೆ.

“ಏನಾಗಿದೆ ನಿಮ್ಮಿಬ್ಬರಿಗೂ? ಬಾಯಿಗೆ ಬೀಗ ಹಾಕ್ಕೊಂಡಿದೀರಾ?” ಎಂದರು ಅತ್ತೆ. ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಪ್ರೆಸ್ಸಿನಲ್ಲಿ ಯಜಮಾನರು ಅಂಗಡಿಯೊಂದರ ಕರಪತ್ರ ತಂದು ತೋರಿಸಿದರು. “ಶುದ್ಧ ಅನ್ನೋದಕ್ಕೇ ಒತ್ತು ತಪ್ಪಿದೆ. ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ ಸಾರ್?”

ಬಿದ್ದಿತ್ತು.

ಫೆಬ್ರವರಿ 26, ಭಾನುವಾರ

ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಒಂದು ಪೆನ್ಸಿಲ್. ನಾನು ತರಕಾರಿ ಚೀಲ ಕೆಳಗಿಟ್ಟೆ.

“ಕೂತ್ಕೊಳ್ಳಿ” ಎಂದಳು. ಸಂಶೋಧನಾ ವಿದ್ಯಾರ್ಥಿಗೆ ಹೇಳುವ ಹಾಗೆ. “ಈ ಪುಸ್ತಕದ ಮೇಲೆ ಕೈಯಾಡಿಸಿದವರು ಯಾರು ಅಂತ ನೋಡ್ತಿದ್ದೆ. ಮೊದಲು ಕಂಪ್ಯೂಟರ್ ಅಂತಲೇ ಅಂದ್ಕೊಂಡೆ. ಆದ್ರೆ ‘ಇ’ ಒಂದು ಕಡೆ ಮಾತ್ರ ಉಳಿದಿದೆ. ಇಲ್ಲಿ. ‘ವೋ’ಗೆ ‘ಗೋ’ ಜೋಡಿ. ಕಣ್ಣಿಗೆ ಪ್ರಾಸ ಚೆನ್ನಾಗಿ ಕಾಣ್ಲಿ ಅಂತ ಉಳಿಸಿದ್ದು. ಕಂಪ್ಯೂಟರಿಗೆ ಪ್ರಾಸದ ಮೇಲೆ ಪ್ರೀತಿ ಇರಲ್ಲ.”

ನಾನು ಚೀಲದಿಂದ ಟೊಮೆಟೊ ತೆಗೆದು ಒಂದೊಂದಾಗಿ ಇಡತೊಡಗಿದೆ.

“ಆಮೇಲೆ ಇದು. ಡೇ, ಸ್ಟೇ. ಇಂಗ್ಲಿಷಲ್ಲಿ ಯೋಚನೆ ಮಾಡೋರು ಇದನ್ನ ಹಾಕಿದ್ರೆ ಅರ್ಥ ತಲೆಕೆಳಗಾಗತ್ತೆ ಅಂತ ಗೊತ್ತಿರ್ತಿತ್ತು. ಸ್ಟೇ ಅಂದ್ರೆ ನಿಲ್ಲು ಅಂತ ಕನ್ನಡದಲ್ಲಿ ಯೋಚನೆ ಮಾಡೋರಿಗೆ ಮಾತ್ರ ಎರಡೂ ಒಂದೇ ಅನ್ಸತ್ತೆ. ಹಾಗಾದ್ರೆ ಅವರು ಕನ್ನಡದವರು. ಪ್ರಾಸದ ಹುಚ್ಚಿರೋರು. ಪ್ರೆಸ್ಸಿನ ಒಳಗಿರೋರು. ಆಪರೇಟರ್ ಮೇಡಂ ಒಂದೇ ಸಲ ಫೋನಲ್ಲಿ ಸಿಕ್ಕಿದ್ರು. ಡೇ ಡ್ರೈ ಪ್ರಾಸ ಸರಿ ಇದ್ಯಾ ಅಂತ ಕೇಳಿದೆ. ಪ್ರಾಸ ಅಂದ್ರೆ ಏನಮ್ಮ ಅಂದ್ರು.”

ಒಂದು ಟೊಮೆಟೊ ಉರುಳಿ ಕೆಳಗೆ ಬಿತ್ತು. ಇಬ್ಬರೂ ಎತ್ತಲಿಲ್ಲ.

“ಹದಿನೆಂಟು ವರ್ಷದಲ್ಲಿ ನನ್ನ ವಿಧಾನಾನ ಬದುಕಿರೋರ ಮೇಲೆ ಪರೀಕ್ಷೆ ಮಾಡಿರ್ಲಿಲ್ಲ” ಎಂದಳು. “ಕೆಲಸ ಮಾಡತ್ತೆ.”

“ನಿನಗೆ ಒಳ್ಳೇದಾಗ್ಲಿ ಅಂತಲೇ...” ಎಂದೆ.

“ಗೊತ್ತು. ಕವಿ ಬರೆದ ಪದ ಯಾವುದಿತ್ತೋ, ಇನ್ನು ಲೋಕಕ್ಕೇ ಗೊತ್ತಾಗಲ್ಲ ಅಂತ ಬರೆದಿದ್ದೆ. ನೋಡಿದ್ರೆ, ಈ ‘ಸ್ಟೇ’ನೇ ಇದ್ದಿರಬೇಕು. ಅವನ ಪದ ಅವನಿಗೆ ವಾಪಸ್ ಕೊಟ್ಟುಬಿಟ್ರಿ. ಆ ಹೆಂಗಸೇ ಹೋದಳು, ಅಷ್ಟೆ.”

ಒಳಕೋಣೆಯಿಂದ ಅತ್ತೆ, “ಯಾರೇ ಹೋದೋರು?” ಎಂದು ಕೂಗಿದರು.

“ನಿಮಗೆ ಗೊತ್ತಿರೋರಲ್ಲ ಅಮ್ಮ.” ಆಮೇಲೆ ನನಗೆ, ದನಿ ಏರಿಸದೆ: “ನಾಳೆ ಪ್ರೆಸ್ಸಲ್ಲಿ ಹೇಳಿ. ಅವರ ಎದುರಿಗೇ ಹೇಳಿ.”

ಫೆಬ್ರವರಿ 27, ಸೋಮವಾರ

ಹೇಳಿದೆ. ಯಜಮಾನರು ಬಹಳ ಹೊತ್ತು ಕನ್ನಡಕ ಒರೆಸಿದರು. “ಇಷ್ಟಕ್ಕೆ ಆ ಹೆಣ್ಣುಮಗಳ ಮೇಲೆ ಹಾಕಿದ್ರಾ ಸಾರ್?” ಎಂದರು. ಬೈಯಲಿಲ್ಲ. ಇನ್ನು ಮೇಲೆ ಕೊನೆಯ ಪ್ರೂಫನ್ನು ತಾವೇ ನೋಡುತ್ತಾರಂತೆ.

ಹಿಂದಿನ ಕೋಣೆಗೆ ಹೋಗಿ ಅಕ್ಕನಿಗೆ ಪುಸ್ತಕದ ಕೆಲಸ ವಾಪಸ್ ಬರುತ್ತದೆ ಎಂದೆ. ಅವರು ಬೆರಳು ನಿಲ್ಲಿಸಲಿಲ್ಲ.

“ಬೇಡ ಬಿಡಿ ಸಾರ್. ಬಿಲ್ ಬುಕ್ಕಲ್ಲಿ ಪ್ರಾಸ ಇರಲ್ಲ. ಆರಾಮಾಗಿದೀನಿ.”

ಮಾರ್ಚ್ 12, ಭಾನುವಾರ

ಇವತ್ತು ಬಹಳ ದಿನದ ಮೇಲೆ ನನ್ನ ಜೊತೆ ಕೂತು ಮಾತಾಡಿದಳು. ಕಾಫಿ ನಾನೇ ಮಾಡಿಕೊಟ್ಟೆ. ಕುಡಿದಳು. ಅತ್ತೆಗೆ ಸಮಾಧಾನ, ಬಾಗಿಲು ಸರಿಸಿ ಇಣುಕಿ ನೋಡಿ ಹೋದರು.

ಹೊಸದೊಂದು ಲೇಖನ ಬರೆಯುತ್ತಿದ್ದಾಳೆ. ಅಚ್ಚುಮನೆಗಳ ತಿದ್ದುಗಾರರ ಬಗ್ಗೆ. ಕೆಟ್ಟವರಲ್ಲದವರು, ಭಾಷೆ ಅರೆಬರೆ ಬಲ್ಲವರು, ಪಠ್ಯಕ್ಕೆ ಒಳ್ಳೆಯದಾಗಲಿ ಎಂದು ಕೈ ಹಾಕಿದವರು. ಹಳೆಯ ಕಾಲದಲ್ಲಿ ಎಷ್ಟೋ ಜನ ಇದ್ದರಂತೆ, ಆದರೆ ತಾವು ಯಾಕೆ ಹಾಗೆ ಮಾಡಿದೆವೆಂದು ಅವರಲ್ಲಿ ಒಬ್ಬನೂ ಹೇಳಿ ಹೋಗಿಲ್ಲವಂತೆ. ಕೇಳಲು ಒಬ್ಬನೂ ಬದುಕಿಲ್ಲ. ಲೇಖನದಲ್ಲಿ ನನ್ನ ಹೆಸರು ಬರುವುದಿಲ್ಲ; ‘ಒಬ್ಬ ತಿದ್ದುಗಾರ’ ಎಂದಿರುತ್ತದೆ. ಆದರೆ ಈ ಸಲ ಮೊದಲ ಪುಟದಲ್ಲೇ ಬರುತ್ತೇನಂತೆ.

ಪ್ರಶ್ನೆಗಳನ್ನು ಸಿದ್ಧ ಮಾಡಿಕೊಂಡು ಬಂದಿದ್ದಳು. ಮೊದಲು ಪದ ನೋಡುತ್ತೀರೋ, ಸಾಲು ನೋಡುತ್ತೀರೋ? ಅರ್ಥ ಗೊತ್ತಾಗದಿದ್ದರೆ ಮುಂದೆ ಹೋಗುತ್ತೀರೋ, ನಿಲ್ಲುತ್ತೀರೋ? ಅನುಮಾನ ಬಂದಾಗ ಬರೆದವರನ್ನು ಕೇಳಬೇಕು ಅನ್ನಿಸಲಿಲ್ಲವೇ? ಒಂದಕ್ಕೂ ತಡವರಿಸದೆ ಉತ್ತರ ಕೊಟ್ಟೆ. ನನ್ನ ಕೆಲಸದ ಬಗ್ಗೆ ಇಷ್ಟು ಗಮನವಿಟ್ಟು ಇದುವರೆಗೆ ಯಾರೂ ಕೇಳಿದ್ದಿಲ್ಲ, ಅವಳೂ ಕೇಳಿದ್ದಿಲ್ಲ. ನಡುವೆ ಒಂದು ಸಲ “ನಿಧಾನ” ಎಂದಳು, ಬರೆದುಕೊಳ್ಳಲು ಕಷ್ಟವಾಗುತ್ತಿತ್ತು. ಮುಂದಿನ ಭಾನುವಾರವೂ ಕೂರೋಣ ಎಂದಿದ್ದಾಳೆ.

ಏಳುವ ಮುಂಚೆ ಇನ್ನೊಂದು ಕೇಳಿದಳು, ಹಾಳೆಯಿಂದ ತಲೆ ಎತ್ತದೆ.

“ಆ ಪದ ಬದಲಾಯಿಸಿದಾಗ ಖುಷಿಯಾಗಿತ್ತಾ?”

“ಆಗಿತ್ತು” ಎಂದೆ.

ಬರೆದುಕೊಂಡಳು.